ಒಟಿಪಿ ಬರುತ್ತಿದ್ದದ್ದು ನನ್ನ ಫೋನಿಗೆ

ಮೇ ತಿಂಗಳಿಂದ ಆಗಸ್ಟ್‌ವರೆಗೆ ನನ್ನ ಫೋನು ನನ್ನದಾಗಿರುತ್ತಿರಲಿಲ್ಲ. ಪೀಣ್ಯದ ಪಕ್ಕ, ರಾಜಗೋಪಾಲನಗರದಿಂದ ಮಕ್ಕಳು ನಡೆದೇ ಬರುವಷ್ಟು ಹತ್ತಿರದ ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಎರಡನೇ ಪಿಯು ಮುಗಿಸಿದ ಮಕ್ಕಳು ಸಿಇಟಿ ಬರೆದು ಮುಂದಿನ ಕಾಲೇಜಿಗೆ ಅರ್ಜಿ ಹಾಕುವ ಕಾಲ ಅದು. ಅರ್ಜಿಗೆ ಒಂದು ಮೊಬೈಲ್ ನಂಬರ್ ಕೊಡಬೇಕು. ಆಮೇಲೆ ಏನೇ ಮಾಡಬೇಕೆಂದರೂ ಆ ನಂಬರಿಗೇ ಒಟಿಪಿ ಬರುತ್ತದೆ. ನಮ್ಮ ಮಕ್ಕಳ ಮನೆಯಲ್ಲಿ ಬಹಳ ಸಲ ಇರುವುದು ಒಂದೇ ಫೋನು. ಅದು ಅಪ್ಪನ ಜೊತೆ ಶಿಫ್ಟಿಗೆ ಹೋಗಿ ಕಾರ್ಖಾನೆಯ ಗೇಟಿನಲ್ಲಿ ಕೂತಿರುತ್ತದೆ. ಸಂಜೆ ಅಪ್ಪ ಹೊರಗೆ ಬಂದು ನೋಡುವ ಹೊತ್ತಿಗೆ ಒಟಿಪಿ ಸತ್ತು ಎಷ್ಟೋ ಹೊತ್ತಾಗಿರುತ್ತದೆ. ಹಾಗಾಗಿ ನಾನು ಈ ಕಾಲೇಜಿಗೆ ಬಂದ ವರ್ಷವೇ ಮಕ್ಕಳಿಗೆ, "ನನ್ನ ನಂಬರ್ ಹಾಕಿಬಿಡ್ರೋ, ತಲೆನೋವು ಬೇಡ" ಎಂದೆ. ಅಂದಿನಿಂದ ಅದೇ ಪದ್ಧತಿಯಾಯಿತು.

ಯಾರ ಪಾಸ್‌ವರ್ಡ್ ಯಾವುದು ಎಂದು ಬರೆದಿಡಲು ಉದ್ದನೆಯ ಒಂದು ನೋಟ್‌ಬುಕ್ ಇಟ್ಟಿದ್ದೆ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡುವಾಗ ನನಗೆ ತಹಶೀಲ್ದಾರರಿಗೂ ಇಲ್ಲದ ಗತ್ತು. ಮನೆಯಲ್ಲಿ ಊಟಕ್ಕೆ ಕೂತಾಗ ಫೋನು ಟಿಣ್ ಅಂದರೆ ನಾನು ಎದ್ದು ಹೋಗುವುದನ್ನು ನೋಡಿ ಯಜಮಾನರು, "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಮಜ್ಜಿಗೆ ತಾವೇ ಬಡಿಸಿಕೊಳ್ಳುತ್ತಿದ್ದರು. ಉಪಕಾರಿ ಎಂಬ ಅರ್ಧ ಮಾತ್ರ ನನ್ನ ಕಿವಿಗೆ ಬೀಳುತ್ತಿತ್ತು.

ಈ ಅರ್ಜಿಯಲ್ಲಿ ಜೀವಾಳವೆಂದರೆ ಆಯ್ಕೆಪಟ್ಟಿ. ಯಾವ ಊರಿನ ಯಾವ ಕಾಲೇಜಿನಲ್ಲಿ ಏನು ಓದಬೇಕು ಎಂದು ಒಂದರ ಕೆಳಗೊಂದು ಸಾಲಾಗಿ ಬರೆಯಬೇಕು. ಎಂಜಿನಿಯರಿಂಗಿಗೆ ಒಂದು ರ‍್ಯಾಂಕು, ಕೃಷಿ ಪದವಿಗೆ ಇನ್ನೊಂದು. ಆದರೆ ಪಟ್ಟಿ ಮಾತ್ರ ಒಂದೇ. ಕಂಪ್ಯೂಟರು ಮೇಲಿನಿಂದ ನೋಡುತ್ತಾ ಬರುತ್ತದೆ. ಯಾವ ಸಾಲಿನಲ್ಲಿ ಮೊದಲು ಸೀಟು ಸಿಗುತ್ತದೋ ಅಲ್ಲಿಗೆ ನಿಂತು, ಅದರ ಕೆಳಗಿನದನ್ನೆಲ್ಲ ಅಳಿಸಿಬಿಡುತ್ತದೆ. ಇದನ್ನು ನಾನು ಪ್ರತಿ ವರ್ಷ ಹೋಟೆಲಿನ ಲೆಕ್ಕದಲ್ಲಿ ಹೇಳುತ್ತಿದ್ದೆ. "ನಿಮಗೆ ಬೇಕಿರೋದು ಮಸಾಲೆ ದೋಸೆ ಅಂದ್ರೆ ಮೊದಲು ದೋಸೆ ಇದ್ಯಾ ಅಂತ ಕೇಳಿ. ಇಲ್ಲ ಅಂದ ಮೇಲೆ ಇಡ್ಲಿ ಕೇಳಿ. ಸಿಗುತ್ತೋ ಇಲ್ವೋ ಅಂತ ಹೆದರಿ ಮೊದಲೇ ಇಡ್ಲಿ ಅಂದ್ರೆ, ದೋಸೆ ಇದ್ರೂ ಇಡ್ಲೀನೇ ತಂದಿಡ್ತಾನೆ." ಮಕ್ಕಳು ನಗುತ್ತಿದ್ದರು. ಬೇಕಾದದ್ದನ್ನು ಮೇಲೆ ಬರೆಯಿರಿ, ಯಾರ ಮಾತೂ ಕೇಳಬೇಡಿ ಎಂದು ಬೋರ್ಡಿನ ಮೇಲೆ ಅಡಿಗೆರೆ ಎಳೆದು ಹೇಳುತ್ತಿದ್ದವಳು ನಾನು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಇಲ್ಲಿನ ಹಳೆಯ ಊರಿನವರ ಮನೆಯ ಮಗಳು. ಅವರ ಹೊಲದ ಬಹುಪಾಲು ಶೆಡ್ಡುಗಳಾಗಿ, ಅವುಗಳಲ್ಲಿ ಲೇತ್ ಮಷೀನುಗಳು ತಿರುಗುತ್ತಿದ್ದವು. ಶೆಡ್ಡುಗಳ ಹಿಂದೆ ಹನ್ನೆರಡು ಗುಂಟೆಯಷ್ಟನ್ನು ಮಾತ್ರ ಅವಳ ತಾತ ಯಾರಿಗೂ ಕೊಡದೆ ಸೊಪ್ಪು ಬೆಳೆಯುತ್ತಿದ್ದ. ಹುಡುಗಿ ಬೆಳಿಗ್ಗೆ ತಾತನ ಜೊತೆ ಸೊಪ್ಪು ಕಿತ್ತು, ಕಟ್ಟು ಕಟ್ಟಿ, ಉಗುರಲ್ಲಿ ಮಣ್ಣು ಇಟ್ಟುಕೊಂಡೇ ಕಾಲೇಜಿಗೆ ಬರುತ್ತಿದ್ದಳು. ಪ್ರಾಕ್ಟಿಕಲ್ ದಿನ ಆ ಉಗುರಿಗಾಗಿ ನನ್ನಿಂದ ಬೈಸಿಕೊಂಡದ್ದೂ ಉಂಟು.

ಒಂದು ದಿನ ಅವಳು ಲ್ಯಾಬಿನ ಮೇಜಿನ ಮೇಲೆ ನಾಲ್ಕು ಕಾಗದದ ಪೊಟ್ಟಣ ಬಿಚ್ಚಿಟ್ಟು, "ಯಾವ್ದು ಯಾವ ಬೀಜ ಹೇಳಿ ಮೇಡಂ" ಎಂದಳು. ಕೊತ್ತಂಬರಿ, ಮೆಂತ್ಯ ಅಡುಗೆಮನೆಯ ಪರಿಚಯದಿಂದ ಗೊತ್ತಾಯಿತು. ಮೂರನೆಯದನ್ನು ಓಮ ಎಂದೆ. ಅದು ಸಬ್ಬಸಿಗೆ. ಕಪ್ಪಗೆ ಮಿರಮಿರ ಮಿಂಚುತ್ತಿದ್ದ ನಾಲ್ಕನೆಯದನ್ನು ಸಾಸಿವೆ ಎಂದೆ. ಅದು ದಂಟು. "ನಾಲ್ಕಕ್ಕೆ ಎರಡು. ಜಸ್ಟ್ ಪಾಸ್ ಮೇಡಂ" ಎಂದು ನಕ್ಕು ಪೊಟ್ಟಣಗಳನ್ನು ಮಡಿಸಿದಳು. ನಾನು ಸಿಟ್ಟಾದಂತೆ ನಟಿಸಿದೆ. ಒಳಗೊಳಗೇ ಹುಡುಗಿ ಇಷ್ಟವಾಗಿದ್ದಳು.

ಇನ್ನೊಂದು ದಿನ ಬಾಟಲಿಯಲ್ಲಿ ನೀರು ತಂದಳು. ತೋಟದ ಬೋರ್‌ವೆಲ್ಲಿನದು. ಸ್ವಲ್ಪ ಹಳದಿಯಾಗಿತ್ತು. "ಈ ನೀರು ಹಾಕಿ ಬೆಳೆದ ಸೊಪ್ಪು ತಿನ್ನಬಹುದಾ ಮೇಡಂ?" ಎಂದು ಕೇಳಿದಳು. ನನಗೆ ಗೊತ್ತಿಲ್ಲ, ಕೆಮಿಸ್ಟ್ರಿ ಸರ್‌ನ ಕೇಳು ಎಂದೆ. ಅವರಿಗೂ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಆಗಾಗ ನನಗೊಂದು ಕಟ್ಟು ಸೊಪ್ಪು ತಂದುಕೊಡುತ್ತಿದ್ದವಳು ಅಂದಿನಿಂದ ಅದನ್ನು ನಿಲ್ಲಿಸಿದಳು. ಕೃಷಿ ಓದುತ್ತೇನೆ, ಮಣ್ಣಿನ ವಿಷಯವನ್ನೇ ಓದುತ್ತೇನೆ, ಎಂದು ಹೇಳತೊಡಗಿದ್ದು ಅದೇ ಸುಮಾರಿಗೆ.

ಧಾರವಾಡಕ್ಕೆ ಹೋಗಿ ಓದುವ ಹುಚ್ಚು ಹಿಡಿಸಿದವಳು ಮಾತ್ರ ನಾನೇ. ನಾನು ಆ ಕಡೆಯವಳು. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷ ದಾಟಿ, ಅಪಾರ್ಟ್‌ಮೆಂಟಿನ ಆರನೇ ಮಹಡಿಯಲ್ಲಿ ಕೂತಿದ್ದರೂ, ಸಿಟ್ಟು ಬಂದಾಗ ಮತ್ತು ಪ್ರೀತಿ ಬಂದಾಗ ಬಾಯಲ್ಲಿ ಅದೇ ಮಾತು ಬರುತ್ತದೆ. ವಸ್ತುಗಳು ಒಂದಕ್ಕೊಂದು ಅಂಟುವ ಬಗ್ಗೆ ಪಾಠ ಮಾಡುವಾಗ ನಮ್ಮೂರಿನ ಎರೆಮಣ್ಣಿನ ಕತೆ ಹೇಳಿದ್ದೆ: ಮಳೆ ಬಂದ ಮೇಲೆ ಹೊಲದಲ್ಲಿ ನಡೆದರೆ ಮಣ್ಣು ಚಪ್ಪಲಿಗೆ ಅಂಟಿ ಅಂಟಿ, ಮನೆ ಸೇರುವ ಹೊತ್ತಿಗೆ ನಾವು ಒಂದು ಗೇಣು ಎತ್ತರ ಬೆಳೆದಿರುತ್ತಿದ್ದೆವು ಎಂದು. ಎಲ್ಲರೂ ನಕ್ಕು ಮರೆತರು. ಇವಳು ಪಾಠ ಮುಗಿದ ಮೇಲೆ ಬಂದು, ಆ ಮಣ್ಣು ಯಾಕೆ ಹಾಗೆ ಅಂಟುತ್ತದೆ, ನಮ್ಮ ಕೆಂಪು ಮಣ್ಣು ಯಾಕೆ ಅಂಟುವುದಿಲ್ಲ ಎಂದು ಕೇಳಿದಳು. ನಾನು ಅರ್ಧಂಬರ್ಧ ಉತ್ತರ ಕೊಟ್ಟೆ.

ಅವಳ ರ‍್ಯಾಂಕು ಬಂತು. ಬೆಂಗಳೂರಿನಲ್ಲೇ ಕೃಷಿ ಸೀಟು ಸಿಗುವಷ್ಟು ಒಳ್ಳೆಯದಲ್ಲ, ಧಾರವಾಡಕ್ಕೆ ಸಾಕು. ಗೆರೆ ಹಾಕಿದ ಹಾಳೆಯಲ್ಲಿ ಅವಳೇ ಪಟ್ಟಿ ಬರೆದು ತಂದಳು. ಒಂದು, ಬೆಂಗಳೂರು ಕೃಷಿ. ಎರಡು, ಧಾರವಾಡ ಕೃಷಿ. ಮೂರು, ರಾಯಚೂರು ಕೃಷಿ. ನಾಲ್ಕು, ತುಮಕೂರು ರಸ್ತೆಯ ಒಂದು ಎಂಜಿನಿಯರಿಂಗ್ ಕಾಲೇಜು. ಒಂದನೆಯದು ಸಿಕ್ಕರೆ ತಾತನ ಜೊತೆಯಲ್ಲೇ ಇರಬಹುದು, ನಾಲ್ಕನೆಯದು ಅಪ್ಪನ ಸಮಾಧಾನಕ್ಕೆ ಎಂದಳು. ಅದನ್ನು ಹಾಗೇ ಕಂಪ್ಯೂಟರಿಗೆ ಏರಿಸಿದೆವು. ಸೀಟು ಹಂಚುವ ಮೊದಲು ಹೇಗೆ ಬರಬಹುದು ಎಂದು ತೋರಿಸಲು ಒಂದು ಅಣಕು ಹಂಚಿಕೆ ಮಾಡುತ್ತಾರೆ. ಎಲ್ಲರ ಬಾಯಲ್ಲೂ ಅದು 'ಮಾಕ್'. ಮಾಕ್‌ನಲ್ಲಿ ಅವಳಿಗೆ ಧಾರವಾಡವೇ ಬಂತು. "ಮೇಡಂ, ಪೇಡಾ ತಂದ್ಕೊಡೋದು ಇನ್ಮೇಲೆ ನಾನು" ಎಂದು ಕುಣಿಯುತ್ತಾ ಹೋದಳು.

ಮಾಕ್ ಆದ ಮೇಲೂ ಪಟ್ಟಿ ತಿದ್ದಲು ಕೆಲವು ದಿನ ಅವಕಾಶವಿರುತ್ತದೆ. ಕೊನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಬಾಗಿಲು ಮುಚ್ಚುತ್ತಿತ್ತು. ಒಂಬತ್ತು ಗಂಟೆಗೆ ಅವಳ ತಾಯಿ ಸ್ಟಾಫ್‌ರೂಮಿಗೆ ಬಂದರು. ಕೂತುಕೊಳ್ಳಿ ಅಂದರೂ ಕೂರದೆ, ಸೆರಗಿನ ತುದಿ ಹಿಡಿದುಕೊಂಡು ನಿಂತೇ ಮಾತಾಡಿದರು.

"ಅಲ್ಲ ಮೇಡಂ, ಅಷ್ಟು ದೂರುಕ್ಕೆ ಎಣ್ಮಗೀನ ಎಂಗೆ ಕಳ್ಸನ? ಅಲ್ಲಿ ನಮ್ಮೋರು ಅಂತ ಒಬ್ರೂ ಇಲ್ಲ. ಇಷ್ಟು ಓದಿ ಸೊಪ್ಪು ಬೆಳ್ಯಕ್ಕೆ ಓಯ್ತೀನಿ ಅಂತದೆ. ಅವ್ರಪ್ಪ ಮೂರ್ ದಿನದಿಂದ ಅದ್ರ ತಾವ ಮಾತಾಡ್ತಿಲ್ಲ. ನೀವೊಂದ್ ಮಾತು ಏಳಿ ಮೇಡಂ. ನಿಮ್ ಮಾತಂದ್ರೆ ಅದ್ಕೆ ದೇವ್ರ ಮಾತು."

ಆಗಲಿ, ನಾನು ನೋಡಿಕೊಳ್ಳುತ್ತೇನೆ, ಎಂದೆ. ಅವರು ಕೈಮುಗಿದು ಹೋದರು.

ಆ ತಾಯಿ ಕೇಳಿದ್ದು ಒಂದು ಮಾತು ಹೇಳಿ ಎಂದು ಮಾತ್ರ. ಇದನ್ನು ನಾನು ಮರೆಯಬಾರದು. ಮಗಳನ್ನು ಕರೆಸಿ, ಎದುರಿಗೆ ಕೂರಿಸಿ, ಹೀಗೆ ಹೀಗೆ ನಿಮ್ಮಮ್ಮ ಬಂದಿದ್ದರು ಎನ್ನಬಹುದಿತ್ತು. ಆದರೆ ಕರೆಸಿದರೆ ಅವಳು ವಾದ ಮಾಡುತ್ತಾಳೆ, ವಾದದಲ್ಲಿ ಗೆಲ್ಲುತ್ತಾಳೆ, ಅದು ನನಗೆ ಗೊತ್ತಿತ್ತು. ಬೀಜದ ಪರೀಕ್ಷೆಯಲ್ಲಿ ಜಸ್ಟ್ ಪಾಸ್ ಆದವಳು ನಾನು. ನೋಟ್‌ಬುಕ್ಕಿನಲ್ಲಿ ಅವಳ ಪಾಸ್‌ವರ್ಡ್ ಇತ್ತು. ಕಂಪ್ಯೂಟರಿನ ಮುಂದೆ ಕೂತೆ. ಟಿಣ್ ಎಂದು ಒಟಿಪಿ ನನ್ನ ಫೋನಿಗೇ ಬಂತು.

ನಾಲ್ಕನೇ ಸಾಲಿನಲ್ಲಿದ್ದ ಎಂಜಿನಿಯರಿಂಗನ್ನು ಎರಡಕ್ಕೆ ಎತ್ತಿದೆ. ಧಾರವಾಡ ಮೂರಕ್ಕೆ ಇಳಿಯಿತು. ಬೆಂಗಳೂರು ಕೃಷಿಯನ್ನು ಒಂದನೇ ಸಾಲಿನಲ್ಲಿ ಹಾಗೇ ಬಿಟ್ಟೆ, ಅದು ಹೇಗೂ ಸಿಗುವುದಿಲ್ಲ ಎಂದು ಗೊತ್ತಿದ್ದೂ. ಅವಳ ಆಸೆಗೆ ಅಷ್ಟಾದರೂ ಮರ್ಯಾದೆ ಕೊಟ್ಟೆ ಎಂದು ನನಗೆ ನಾನೇ ಹೇಳಿಕೊಳ್ಳಲು ಅದು ಬೇಕಾಗಿತ್ತು. ಎಲ್ಲ ಸೇರಿ ಐದು ನಿಮಿಷದ ಕೆಲಸ. ಮುಗಿಸಿ ಕಾಫಿ ಕುಡಿದೆ.

ತಾಯಿಯ ಸಂಕಟಕ್ಕಾಗಿ ಮಾಡಿದೆ ಎಂದು ಬಹಳ ದಿನ ನಂಬಿದ್ದೆ. ಅದು ಪೂರ್ತಿ ನಿಜವಲ್ಲ. ಪ್ರತಿ ವರ್ಷ ನಮ್ಮ ಪ್ರಿನ್ಸಿಪಾಲರು ಗೇಟಿಗೆ ದೊಡ್ಡ ಫ್ಲೆಕ್ಸ್ ಕಟ್ಟಿಸುತ್ತಾರೆ, ಎಂಜಿನಿಯರಿಂಗ್ ಸೀಟು ಪಡೆದ ಮಕ್ಕಳ ಫೋಟೊ ಹಾಕಿ. ಆ ವರ್ಷ ಫೋಟೊಗಳು ಕಡಿಮೆ ಬೀಳುವ ಹಾಗಿದ್ದವು. "ಏನ್ ಮೇಡಂ, ಈ ಸಲ ಫ್ಲೆಕ್ಸು ಚಿಕ್ಕದಾಗುತ್ತಾ?" ಎಂದು ಅವರು ನಗುತ್ತಾ ಕೇಳಿದ್ದು ನನಗೆ ಚುಚ್ಚಿತ್ತು. ಅದಕ್ಕಿಂತ ಒಳಗಿನ ಮಾತು ಇನ್ನೊಂದಿದೆ. ಧಾರವಾಡ ನಾನು ಬಿಟ್ಟು ಬಂದ ಊರು. ಅಲ್ಲಿ ಏನಿದೆ ಎಂದು ಬಿಟ್ಟು ಬಂದು, ಇಲ್ಲಿ ಧೂಳಲ್ಲಿ, ಟ್ರಾಫಿಕ್ಕಿನಲ್ಲಿ ಇಷ್ಟು ವರ್ಷ ಸವೆದಿದ್ದೇನೆ. ಇಲ್ಲೇ ಹುಟ್ಟಿದ ಜಾಣ ಹುಡುಗಿಯೊಬ್ಬಳು ಅದೇ ಊರಿಗೆ ಕುಣಿಯುತ್ತಾ ಹೊರಟರೆ ನಾನು ಬಂದದ್ದಕ್ಕೆ ಅರ್ಥವೇನು ಉಳಿಯಿತು? ಹೊಟ್ಟೆಕಿಚ್ಚು ಎನ್ನಲು ನಾಚಿಕೆಯಾಗುತ್ತದೆ. ಆದರೆ ಬೇರೆ ಹೆಸರು ನನಗೆ ತೋಚುತ್ತಿಲ್ಲ.

ಸೀಟು ಹಂಚಿಕೆಯ ದಿನ ಮಕ್ಕಳೆಲ್ಲ ಕಂಪ್ಯೂಟರ್ ಕೋಣೆಯ ಮುಂದೆ ಸಾಲು ನಿಂತಿದ್ದರು. ಅವಳ ಸ್ಲಿಪ್ಪನ್ನು ನಾನೇ ಪ್ರಿಂಟ್ ತೆಗೆದು ಕೊಟ್ಟೆ. ಎಂಜಿನಿಯರಿಂಗ್, ತುಮಕೂರು ರಸ್ತೆ. ಅವಳು ಸ್ಲಿಪ್ಪನ್ನು ನೋಡುತ್ತಲೇ ನಿಂತಳು, ಹಿಂದಿನವರು ತಳ್ಳುತ್ತಿದ್ದರೂ. ಆಮೇಲೆ ಸಾಲಿನಿಂದ ಪಕ್ಕಕ್ಕೆ ಸರಿದು, ನನ್ನ ಹತ್ತಿರ ಬಂದು ಕೇಳಿದಳು.

"ಮೇಡಂ, ಮಾಕ್‌ನಲ್ಲಿ ಧಾರವಾಡ ಬಂದಿತ್ತಲ್ಲ. ಈಗ ಯಾಕೆ ಬರ್ಲಿಲ್ಲ?"

"ಮಾಕ್ ಅಂದ್ರ ಮಾಕೇ ನೋಡವ್ವ" ಎಂದೆ. "ಎಲ್ಲರೂ ಪಟ್ಟಿ ತಿದ್ದತಾರ, ಸೀಟು ಹಿಂದ ಮುಂದ ಆಗ್ತಾವ. ಎಂಜಿನಿಯರಿಂಗ್ ಸೀಟು ಸಿಕ್ಕದ, ಖುಷಿ ಪಡು. ಎಷ್ಟು ಮಂದಿಗೆ ಸಿಗತದ ಹೇಳು."

"ಬೇರೆ ಏನಿಲ್ವಾ ಮೇಡಂ?"

"ಬ್ಯಾರೆ ಏನಿರತದ?"

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಮುಂದಿನ ಹುಡುಗನ ಹೆಸರು ಕೂಗಿದೆ. ಅವಳು ಸ್ಲಿಪ್ಪನ್ನು ನಾಲ್ಕಾಗಿ ಮಡಿಸಿ ಪೆನ್ಸಿಲ್ ಪೌಚಿನೊಳಗೆ ಇಟ್ಟುಕೊಂಡು ಹೋದಳು.

ಫ್ಲೆಕ್ಸಿನಲ್ಲಿ ಅವಳ ಫೋಟೊ ಎರಡನೇ ಸಾಲಿನಲ್ಲಿತ್ತು. ಉಳಿದವರೆಲ್ಲ ಹಲ್ಲು ಬಿಟ್ಟಿದ್ದರು, ಇವಳೊಬ್ಬಳು ಬಾಯಿ ಮುಚ್ಚಿದ್ದಳು. ಆಧಾರ್ ಕಾರ್ಡಿಗೆ ತೆಗೆಸಿದ ಫೋಟೊ ಕೊಟ್ಟಿರಬೇಕು ಎಂದುಕೊಂಡೆ. ದಿನಾ ಬೆಳಿಗ್ಗೆ ಅದರ ಕೆಳಗೇ ಹಾದು ಒಳಗೆ ಹೋಗುತ್ತಿದ್ದೆ. ಮಳೆಗೆ ಫ್ಲೆಕ್ಸು ಹರಿದು, ಯಾರೋ ಅದನ್ನು ಬೈಕ್ ಮುಚ್ಚಲು ಒಯ್ದ ದಿನ ನನಗೆ ಒಂಥರಾ ಹಗುರವಾಯಿತು.

ಅವಳು ಎಂಜಿನಿಯರಿಂಗ್ ಮುಗಿಸಿದಳು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕೆ ಸೇರಿದಳು ಎಂಬ ಸುದ್ದಿ ಬೇರೆ ಮಕ್ಕಳಿಂದ ಬರುತ್ತಿತ್ತು. ನಗರದ ಈ ತುದಿಯಿಂದ ಆ ತುದಿಗೆ ದಿನಾ ಓಡಾಡುತ್ತಾಳಂತೆ. ತಾತ ತೀರಿಕೊಂಡನಂತೆ, ಹನ್ನೆರಡು ಗುಂಟೆಯಲ್ಲಿ ಪಿಜಿ ಕಟ್ಟಡ ಎದ್ದಿತಂತೆ. ಇಂಥ ಸುದ್ದಿ ಬಂದಾಗಲೆಲ್ಲ ನಾನು, ಒಳ್ಳೆ ಕೆಲಸ, ಒಳ್ಳೆ ಸಂಬಳ, ಅಪ್ಪ ಅಮ್ಮನ ಕಣ್ಣ ಮುಂದೆಯೇ ಇದ್ದಾಳೆ, ಕೆಟ್ಟದ್ದೇನಾಯಿತು, ಎಂದು ಕೇಳಿಕೊಳ್ಳುತ್ತಿದ್ದೆ. ಯಾರೂ ಕೇಳದ ಪ್ರಶ್ನೆಗೆ ಮತ್ತೆ ಮತ್ತೆ ಉತ್ತರ ಕೊಡುತ್ತಿದ್ದೇನೆಂದು ಗೊತ್ತಾಗಲು ನನಗೆ ಬಹಳ ಕಾಲ ಬೇಕಾಯಿತು.

ಗೊತ್ತಾದದ್ದು ಒಂದು ಶ್ರಾವಣದಲ್ಲಿ ತವರಿಗೆ ಹೋದಾಗ. ತಮ್ಮನ ಹೊಲ ನೋಡಲು ಹೋಗಿದ್ದೆ. ಹಿಂದಿನ ದಿನ ಮಳೆಯಾಗಿತ್ತು. ಹತ್ತು ಹೆಜ್ಜೆ ಇಡುವುದರಲ್ಲಿ ಮಣ್ಣು ಚಪ್ಪಲಿಗೆ ಮೆತ್ತಿಕೊಂಡಿತು. ಬದುವಿನ ಮೇಲೆ ಕೂತು ಕಡ್ಡಿಯಿಂದ ಕೆರೆಯುತ್ತಿದ್ದಾಗ, ಯಾಕೆ ಅಂಟುತ್ತದೆ ಮೇಡಂ ಎಂದು ಕೇಳಿದ ಆ ದನಿ ನೆನಪಾಗಿ ಅಳು ಬಂದುಬಿಟ್ಟಿತು. ತಮ್ಮ ಗಾಬರಿಯಾಗಿ ಕಾಲು ಉಳುಕಿತೇ ಎಂದು ಕೇಳಿದ. ಹೌದು ಎಂದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ. ಅಷ್ಟಾದರೂ ಬೆಂಗಳೂರಿಗೆ ಬಂದು ಅವಳಿಗೆ ಒಂದು ಫೋನು ಮಾಡಲಿಲ್ಲ. ಅವಳಿಗೆ ಗೊತ್ತಿಲ್ಲವಲ್ಲ, ಗೊತ್ತಿಲ್ಲದ್ದನ್ನು ಹೇಳಿ ನೋಯಿಸುವುದೇಕೆ ಎಂದು ಸುಮ್ಮನಾದೆ. ನೋಟ್‌ಬುಕ್ಕನ್ನೂ ಬಿಡಲಿಲ್ಲ. ವರ್ಷ ವರ್ಷ ಹೊಸ ಮಕ್ಕಳು, ಅದೇ ನನ್ನ ನಂಬರ್.

ಈ ವರ್ಷ, ಆಯ್ಕೆಪಟ್ಟಿ ತುಂಬುವ ದಿನಗಳಲ್ಲಿ, ಸ್ಟಾಫ್‌ರೂಮಿನ ಬಾಗಿಲಲ್ಲಿ ಅವಳು ಬಂದು ನಿಂತಳು. ಕನ್ನಡಕ ಬಂದಿತ್ತು, ಉಗುರು ಸ್ವಚ್ಛವಾಗಿತ್ತು. ಜೊತೆಗೆ ತಂಗಿ. ಬೇರೆ ಕಾಲೇಜಿನಲ್ಲಿ ಪಿಯು ಮುಗಿಸಿದ್ದಳಂತೆ. "ಇವ್ಳಿಗೆ ಸ್ವಲ್ಪ ಹೇಳ್ಕೊಡಿ ಮೇಡಂ. ನಿಮ್ಮಷ್ಟು ಚೆನ್ನಾಗಿ ಯಾರೂ ಹೇಳಲ್ಲ" ಎಂದಳು. ನನಗಾದ ಖುಷಿ ಹೇಳತೀರದು. ಇಷ್ಟು ವರ್ಷ ಹೊತ್ತದ್ದೆಲ್ಲ ಇಳಿದಂತಾಯಿತು. ನನ್ನ ಮೇಲೆ ಅವಳಿಗೆ ಬೇಸರವಿಲ್ಲ, ತಂಗಿಯನ್ನೇ ಕರೆದುಕೊಂಡು ಬಂದಿದ್ದಾಳೆ! ಇಬ್ಬರಿಗೂ ಕುರ್ಚಿ ಹಾಕಿ, ಕಂಪ್ಯೂಟರ್ ಆನ್ ಮಾಡಿ, ನೋಟ್‌ಬುಕ್ ಬಿಚ್ಚಿದೆ.

"ನಂಬರ್ ಯಾವುದು ಕೊಟ್ಟೀರಿ? ಬದಲಾಯಿಸಿ ನಂದೇ ಹಾಕಿಬಿಡೋಣ, ಸುಲಭ" ಎಂದೆ.

"ಬೇಡ ಮೇಡಂ" ಎಂದಳು ಅಕ್ಕ. ದನಿ ಮೆತ್ತಗಿತ್ತು. "ಇವಳ ಹೆಸರಲ್ಲೇ ಒಂದು ಸಿಮ್ ಕೊಡ್ಸಿದ್ದೀನಿ. ಒಟಿಪಿ ಇವಳಿಗೇ ಬರುತ್ತೆ. ನೀವು ಪಕ್ಕದಲ್ಲಿ ಕೂತು ಹೇಳ್ಕೊಟ್ರೆ ಸಾಕು."

ನೋಟ್‌ಬುಕ್ಕಿನ ಮೇಲೆ ನನ್ನ ಕೈ ನಿಂತಿತು. ತಂಗಿ ಪಾಸ್‌ವರ್ಡ್ ಒತ್ತುವುದರಲ್ಲಿ ಮುಳುಗಿದ್ದಳು. ನಾನು ಅಕ್ಕನ ಕಡೆ ತಿರುಗಿ, ಅವಳಿಗೆ ಮಾತ್ರ ಕೇಳುವಂತೆ ಕೇಳಿದೆ.

"ನಿನಗ ಗೊತ್ತಿತ್ತೇನವ್ವಾ?"

"ಸ್ಲಿಪ್ಪಲ್ಲಿ ಆಯ್ಕೆ ಸಂಖ್ಯೆ ಎರಡು ಅಂತ ಇತ್ತು ಮೇಡಂ. ನಾನು ನಾಲ್ಕು ಅಂತ ಬರೆದಿದ್ದೆ."

ಪ್ರತಿ ವರ್ಷ ನೂರಾರು ಸ್ಲಿಪ್ಪು ತೆಗೆದುಕೊಟ್ಟವಳು ನಾನು. ಆ ಅಂಕಿ ಅಲ್ಲಿ ಅಚ್ಚಾಗಿರುತ್ತದೆ ಎಂಬುದು ಅಂದು ನನ್ನ ತಲೆಗೇ ಬಂದಿರಲಿಲ್ಲ.

"ಮತ್ತ ಅವತ್ತ ಯಾಕ ಕೇಳಲಿಲ್ಲ ನೀನು?"

"ಕೇಳಿದ್ನಲ್ಲ ಮೇಡಂ" ಎಂದಳು.

ಹೌದು, ಕೇಳಿದ್ದಳು. ಎರಡು ಸಲ ಕೇಳಿದ್ದಳು. ಕೈಯಲ್ಲಿ ಸ್ಲಿಪ್ಪು ಹಿಡಿದುಕೊಂಡು, ಎಲ್ಲ ಗೊತ್ತಿದ್ದೂ, ನನ್ನ ಬಾಯಿಂದ ಬರಲಿ ಎಂದು ಕಾದಿದ್ದಳು. ನಾನು ಮುಂದಿನ ಹುಡುಗನ ಹೆಸರು ಕೂಗಿದ್ದೆ.

"ತಪ್ಪಾತವ್ವಾ" ಎಂದೆ. "ನಿಮ್ಮಮ್ಮ ಹೇಳಿದ್ದಲ್ಲ. ಅವರು ನಿನ್ನ ಜೋಡಿ ಒಂದು ಮಾತು ಆಡ್ರಿ ಅಂದಿದ್ರು ಅಷ್ಟ. ಮಾಡಿದಾಕಿ ನಾನು."

ಅವಳ ಮುಖದಲ್ಲಿ ಏನೋ ಬದಲಾಯಿತು. ಇಷ್ಟು ವರ್ಷ ತಾಯಿಯ ಮೇಲೆ ಹೊರಿಸಿದ್ದಳೆಂದು ಕಾಣುತ್ತದೆ. ಪರವಾಗಿಲ್ಲ ಬಿಡಿ ಮೇಡಂ ಎನ್ನುತ್ತಾಳೆ ಎಂದು ಕಾದೆ. ಎಲ್ಲರೂ ಹಾಗೆ ಅನ್ನುತ್ತಾರಲ್ಲ. ಅವಳು "ಹೂಂ" ಎಂದಳು, ಅಷ್ಟೇ. ಕನ್ನಡಕ ತೆಗೆದು ದುಪಟ್ಟಾದಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು.

"ಮೇಡಂ, ಫಸ್ಟ್ ಯಾವುದು ಹಾಕ್ಲಿ?" ತಂಗಿ ಕೇಳಿದಳು.

"ನಿನಗೆ ಯಾವುದು ಬೇಕು?"

"ಮೀನುಗಾರಿಕೆ. ಮಂಗಳೂರು."

ಪೀಣ್ಯದಲ್ಲಿ ಹುಟ್ಟಿ ಬೆಳೆದ ಹುಡುಗಿ. ಸಮುದ್ರ ನೋಡಿದ್ದೀಯೇನೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ನಾನು ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡು, "ಹಾಗಾದ್ರೆ ಅದನ್ನೇ ಒಂದನೇ ಸಾಲಿಗೆ ಹಾಕು" ಎಂದೆ.

ಹುಡುಗಿ ಒತ್ತಿದಳು. ಟಿಣ್ ಎಂದಿತು. ನನ್ನ ಕೈ ತಾನಾಗಿಯೇ ಮೇಜಿನ ಮೇಲಿದ್ದ ನನ್ನ ಫೋನಿಗೆ ಹೋಯಿತು. ಅದರಲ್ಲಿ ಏನೂ ಬಂದಿರಲಿಲ್ಲ.